ಅಲೆನ್ ಕೀ ಎತ್ತಿಕೊಳ್ಳುವ ಮುನ್ನ

ಚೆನ್ನೈನ ಕೋಡಂಬಾಕ್ಕಂ ಸ್ಟೇಷನ್ನಿಗೆ ಕೂಗಳತೆಯಲ್ಲಿರುವ ಮನೆಯ ತಾರಸಿ. ಸಂಜೆ ಐದಾದರೂ ಸಿಮೆಂಟು ಇನ್ನೂ ಸುಡುತ್ತಿದೆ. ಕೆಳಗೆ ತಾಂಬರಂ ಲೋಕಲ್ ಹಾದುಹೋಗುವ ಹೊತ್ತಿಗೇ ಅಕ್ಕನ ಮಗ ರಿಮೋಟಿನ ಟ್ರಿಗರ್ ಎಳೆಯುತ್ತಾನೆ. ಚಿಮ್ಮಬೇಕಿದ್ದ ಕಾರು ಹಿಂಚಕ್ರಗಳ ನಡುವೆ ಚಿರ್ರನೆ ಸದ್ದು ಮಾಡಿ ತೆವಳುತ್ತದೆ.

“ಮಾವ, ನಿನ್ನೆ ತಾನೇ ಡಿಫ್ ಬಿಗಿ ಮಾಡಿದ್ದೆ. ಒಂದು ಬ್ಯಾಟರಿ ಮುಗಿಯೋದ್ರೊಳಗೆ ಮತ್ತೆ ಸಡಿಲ ಆಗೋಯ್ತು.”

“ಅಲೆನ್ ಕೀ ಕೆಳಗಿಡು. ಜಾರ್ತಿರೋದು ಯಾವುದು ಅಂತ ಮೊದಲು ನೋಡೋಣ.”

ಕಾರನ್ನು ನೀವೇ ತಗೊಳ್ಳಿ. ಒಂದು ಹಿಂಚಕ್ರವನ್ನೂ ಮೋಟಾರು ತಿರುಗಿಸುವ ದೊಡ್ಡ ಸ್ಪರ್ ಗೇರನ್ನೂ ಅವನು ಅಲುಗದಂತೆ ಹಿಡಿದಿರಲಿ, ಇನ್ನೊಂದು ಚಕ್ರವನ್ನು ನೀವು ತಿರುಗಿಸಿ. ಸುಲಭಕ್ಕೆ ಜಗ್ಗಬಾರದು. ಜಗ್ಗುತ್ತಿದೆ. ಜರ್ಕಿಗೆ ಬೇಕೆಂದೇ ಜಾರುವ ಸ್ಲಿಪ್ಪರ್ ಕ್ಲಚ್ ಪೂರ್ತಿ ಬಿಗಿಯಿದೆ, ಅಂದಮೇಲೆ ಡಿಫ್ಫೇ, ಅಂದರೆ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ಲೇ, ಜಾರುತ್ತಿದೆ. ಈಗ ಸ್ಪರ್ ಒಂದನ್ನೇ ಹಿಡಿದು ಚಕ್ರವನ್ನು ಮೆಲ್ಲಗೆ ಸುತ್ತಿ. ಆಚೆಯದು ಎದುರು ದಿಕ್ಕಿಗೆ ತಿರುಗುತ್ತದೆ, ಸರಿ. ಆದರೆ ಬೆರಳಿಗೆ ಕರಕರ ತಾಗುತ್ತಿದೆಯಲ್ಲ?

ಒಳಗೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಡಿಫ್ಫನ್ನು ಬಿಚ್ಚುತ್ತೇವೆ. ಚಿಮುಟ ಅಜ್ಜನದು. ಕನ್ನಡ ಚಿತ್ರಗಳು ಮದ್ರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ಅವರು ಇಲ್ಲಿ ಕ್ಯಾಮೆರಾ ರಿಪೇರಿ ಮಾಡುತ್ತಿದ್ದರು.

ಗೇರಿನ ತೂತುಗಳಲ್ಲಿ ಕೂತ ಉಕ್ಕಿನ ಗುಂಡುಗಳು, ಎರಡೂ ಬದಿಗೆ ಒಂದೊಂದು ಉಕ್ಕಿನ ರಿಂಗು, ಎಲ್ಲವನ್ನೂ ಅದುಮಿಡುವ ಒಂದೇ ಸ್ಕ್ರೂ. ಡಿಫ್ಫಿನೊಳಗೆ ಹಲ್ಲಿಗೆ ಹಲ್ಲು ಕಚ್ಚುವ ಮಾತೇ ಇಲ್ಲ, ಬರೀ ಒತ್ತಡದಿಂದ ಶಕ್ತಿ ದಾಟುತ್ತದೆ. ರೇಸ್ ಎಂಜಿನ್ ಕಂಪನಿ ಕಾಸ್‌ವರ್ತ್‌ನಲ್ಲಿ ದುಡಿದಿದ್ದ ಬ್ರಿಟನ್ನಿನ ಸೆಸಿಲ್ ಶೂಮಾಕರ್ 1980ರ ಸುಮಾರಿಗೆ ಈ ಗುಂಡಿನ ಡಿಫ್ಫನ್ನು ರಿಮೋಟ್ ಕಾರುಗಳಿಗೆ ತಂದರು. ಇಷ್ಟು ಸರಳವಾದ, ಇಷ್ಟು ಜಾಣ ಯಂತ್ರ ಇನ್ನೊಂದನ್ನು ನಾನು ಕಾಣೆ.

ರಿಂಗುಗಳಲ್ಲಿ ಗುಂಡು ಓಡಿದ ಗೆರೆ ಬಿದ್ದಿದೆ. ಬದಿ ಮಗುಚಿ ಹಾಕಿದರಾಯಿತು. ಅಥವಾ ಗಾಜಿನ ಮೇಲೆ 600 ನಂಬರ್ ವಾಟರ್ ಪೇಪರ್ ಇಟ್ಟು ಉಜ್ಜಿದರೂ ಆದೀತು. ನಿಜವಾದ ಕಳ್ಳ ಅಲ್ಲಿಲ್ಲ. ಸ್ಕ್ರೂ ತಲೆಯ ಕೆಳಗೆ ನೋಡಿ: ಎರಡು ಪುಟ್ಟ ವಾಷರು, ನಡುವೆ ಸಾಸಿವೆ ಕಾಳಿನಂಥ ಗುಂಡುಗಳು. ಥ್ರಸ್ಟ್ ಬೇರಿಂಗ್. ತಾರಸಿಯ ಸಿಮೆಂಟು ಧೂಳು ಗ್ರೀಸಿನಲ್ಲಿ ಕಲಸಿ ಒಂದು ವಾಷರಿಗೆ ಗುಳಿ ಬಿದ್ದಿದೆ. ತಿರುವಿನಲ್ಲಿ ಎರಡು ಚಕ್ರದ ವೇಗ ಬೇರೆಯಾದಾಗ ಸ್ಕ್ರೂ ತಿರುಗದಂತೆ ಕಾಯುವುದು ಇದೇ. ಇದು ಕಚ್ಚಿಕೊಂಡರೆ ಪ್ರತಿ ತಿರುವೂ ಸ್ಕ್ರೂವನ್ನೇ ತಿರುಗಿಸುತ್ತದೆ, ಒಂದು ಕಡೆಗೆ ಬಿಗಿ, ಇನ್ನೊಂದು ಕಡೆಗೆ ಸಡಿಲ. ನಿನ್ನೆಯ ಬಿಗಿ ಇವತ್ತು ಉಳಿಯದ್ದು ಅದಕ್ಕೇ.

“ಹಾಗಾದ್ರೆ ನಾನು ಎಷ್ಟು ಬಿಗಿ ಮಾಡಿದ್ರೂ…”

“ಬಿಗಿ ಮಾಡಿದಷ್ಟೂ ಗುಳಿ ಆಳ ಆಗೋದು, ಅಷ್ಟೇ.”

ಹೊಸ ಥ್ರಸ್ಟ್ ಬೇರಿಂಗಿಗೆ ಕಪ್ಪು ಗ್ರೀಸು, ದೊಡ್ಡ ಗುಂಡುಗಳಿಗೆ ಸಿಲಿಕೋನ್ ಗ್ರೀಸು, ಅದೂ ತೆಳ್ಳಗೆ. ಒಂದರದ್ದು ಇನ್ನೊಂದಕ್ಕೆ ಸವರಿದರೆ ಕೆಲಸ ಕೆಟ್ಟಂತೆ. ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ, ನಡುನಡುವೆ ಡಿಫ್ ಸುತ್ತಿ ಕೂರಿಸುತ್ತಾನೆ. ಈಗ ಅದು ಬೆಣ್ಣೆಯಲ್ಲಿ ಓಡಿದ ಹಾಗೆ ತಿರುಗುತ್ತದೆ.

ಡಿಫ್ಫನ್ನು ಕಾರಿಗೆ ಮರಳಿ ಕೂರಿಸಿದಮೇಲೂ ಆತುರ ಬೇಡ. ಒಂದು ಚಕ್ರ ಹಿಡಿದು ಸಣ್ಣಗೆ ಟ್ರಿಗರ್ ಕೊಟ್ಟು ಕೆಲವು ಸೆಕೆಂಡು ಓಡಿಸಿ, ಬಳಿಕ ಇನ್ನೊಂದನ್ನು. ಗುಂಡುಗಳು ಜಾಗ ಹಿಡಿದಮೇಲೆ ಸ್ಕ್ರೂ ಕೂದಲೆಳೆಯಷ್ಟು ಸಡಿಲ ಕಾಣುತ್ತದೆ. ಅಷ್ಟನ್ನೇ ಬಿಗಿ ಮಾಡಿ, ಒಂದು ಚಕ್ರವನ್ನೂ ಸ್ಪರನ್ನೂ ನಾವು ಹಿಡಿದಿರಲು ಮತ್ತೆ ಇನ್ನೊಂದು ಚಕ್ರ ಜಗ್ಗಿ ನೋಡುತ್ತಾನೆ. ಜಗ್ಗುವುದಿಲ್ಲ. ಸ್ಲಿಪ್ಪರ್ ಕ್ಲಚ್ಚನ್ನು ಡಿಫ್ಫಿಗಿಂತ ಮೊದಲು ಜಾರುವಷ್ಟು ಸಡಿಲಿಸಿ, ಬ್ಯಾಟರಿ ಮತ್ತೆ ಸಿಕ್ಕಿಸುತ್ತಾನೆ.