ಶಕ್ತಿಮಾನ್‌ಗೆ ಗಾಳಿ ಹಿಡಿದಾಗ

ಶಕ್ತಿಮಾನ್ ಎಂದೊಡನೆ ನಿಮ್ಮಲ್ಲಿ ಅನೇಕರಿಗೆ 1997ರಲ್ಲಿ ದೂರದರ್ಶನದಲ್ಲಿ ಆರಂಭವಾದ ಧಾರಾವಾಹಿಯ, ಗಿರಗಿರನೆ ತಿರುಗುವ ನಾಯಕನೇ ನೆನಪಾಗಬಹುದು. ಅವನಿಗಿಂತ ಸುಮಾರು ನಾಲ್ಕು ದಶಕ ಹಿರಿಯನಾದ ಇನ್ನೊಬ್ಬ ಶಕ್ತಿಮಾನ್ ಇದ್ದಾನೆ. ಅವನು ನಮ್ಮ ಸೈನ್ಯದ ಟ್ರಕ್ಕು. ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿದ್ದ ಕಾಲದಲ್ಲಿ, ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿ ಪಡೆದು, 1959ರಲ್ಲಿ ಜಬಲ್ಪುರದ ಗನ್ ಕ್ಯಾರೇಜ್ ಕಾರ್ಖಾನೆಯಿಂದ ಮೊದಲ ಗಾಡಿ ಹೊರಬಂತು. ಮುಂದೆ ಅದೇ ಊರಿನ ವೆಹಿಕಲ್ ಫ್ಯಾಕ್ಟರಿಗೆ ಆ ಕೆಲಸ ವರ್ಗವಾಯಿತು. 1965 ಮತ್ತು 1971ರ ಯುದ್ಧಗಳಲ್ಲಿ ದುಡಿದ ಈ ಗಾಡಿಯ ತಯಾರಿಕೆ 1996ರಲ್ಲಿ ನಿಂತಿತು.

ಸೈನ್ಯ ಹರಾಜು ಹಾಕಿದ ಗಾಡಿಗಳಲ್ಲಿ ಕೆಲವು ನಮ್ಮ ಮಲೆನಾಡಿಗೂ ಬಂದವು. ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಸಿಗುವುದರಿಂದ, ಬೇರೆ ಲಾರಿಗಳು ಕೈಮುಗಿದು ನಿಲ್ಲುವ ಕೆಸರಿನಲ್ಲಿ ಇವು ಮರದ ದಿಮ್ಮಿ ಹೊತ್ತು ಏರುತ್ತವೆ. ಅಂಥದೊಂದು ಶಕ್ತಿಮಾನ್ ಸಕಲೇಶಪುರದಿಂದ ಬಿಸಿಲೆ ಕಡೆಗೆ ಹೋಗುವ ದಾರಿಯಲ್ಲಿ, ಹೆತ್ತೂರಿನಾಚೆ ನನ್ನ ಮೈದುನನ ಕಾಫಿ ತೋಟದಲ್ಲಿದೆ. ಅದು ತೋಟದೊಳಗಿನ ಓಡಾಟಕ್ಕೆ ಮಾತ್ರ.

ಕಳೆದ ಮೇ ತಿಂಗಳಲ್ಲಿ ನಾವು ಮುಂಬೈಯಿಂದ ರೈಲಿನಲ್ಲಿ ಮಂಗಳೂರಿಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ ಅಲ್ಲಿಗೆ ಹೋದೆವು. ದಾರಿಯುದ್ದಕ್ಕೂ ಸಿಲ್ವರ್ ಓಕ್ ಮರಗಳನ್ನು ಅಪ್ಪಿಕೊಂಡ ಮೆಣಸಿನ ಬಳ್ಳಿ, ಅವುಗಳ ಕೆಳಗೆ ಮಳೆಯಲ್ಲಿ ಮಿಂದ ಕಾಫಿ ಗಿಡಗಳು. ಬಿಸಿಲೆಯ ವೀಕ್ಷಣಾ ಕಟ್ಟೆಯಲ್ಲಿ ನಿಂತರೆ ಎದುರಿಗೆ ಕುಮಾರ ಪರ್ವತದ ಸಾಲು. ಅದರ ತಲೆಯ ಮೇಲೆ ಆಗಲೇ ಕಪ್ಪು ಮೋಡ ಕೂತಿತ್ತು.

ಆ ಮೋಡ ಕಂಡರೆ ನಮಗೆ ಸಂತೋಷ, ನನ್ನ ಓರಗಿತ್ತಿಗೆ ಚಿಂತೆ. ತೋಟದ ಮೇಲುಭಾಗದಲ್ಲಿ ಕೂಲಿಯವರ ಲೈನು ಮನೆಗಳಿವೆ. ಮಳೆಗಾಲ ಹಿಡಿಯುವ ಮೊದಲೇ ಅಲ್ಲಿಗೆ ಅಕ್ಕಿ, ಸೌದೆ, ಗೊಬ್ಬರ ಎಲ್ಲ ಏರಬೇಕು. ಏರಿಸಬೇಕಾದ ಶಕ್ತಿಮಾನ್ ಅರ್ಧ ದಾರಿಗೇ ಸುಸ್ತಾಗಿ ನಿಲ್ಲುತ್ತಿತ್ತು. ಸಮತಟ್ಟಿನಲ್ಲಿ ಸಲೀಸು, ಏರಿನಲ್ಲಿ ಮಾತ್ರ ಉಸಿರು ಕಟ್ಟಿದಂತೆ ಎಳೆದಾಡಿ ನಿಂತುಬಿಡುವುದು. ಪೇಟೆಯ ಒಂದು ವರ್ಕ್‌ಶಾಪಿನವರು ಫಿಲ್ಟರ್ ಬದಲಿಸಿದರು, ನಾಜಲ್‌ಗಳನ್ನು ತೊಳೆದರು. ಕೊನೆಗೆ ಡೀಸೆಲ್ ಪಂಪು ಹೋಗಿದೆ ಎಂದು ಹೇಳಿದ ಖರ್ಚು ಕೇಳಿ ಮೈದುನ ಗಾಡಿಯನ್ನೇ ಗುಜರಿಗೆ ಕೊಡುವ ಯೋಚನೆಯಲ್ಲಿದ್ದ. "ಇದಕ್ಕೆ ಏನೋ ಗಾಳಿ ಹಿಡಿದಿದೆ, ನಿಂಬೆಹಣ್ಣು ಕಟ್ಟಿ" ಎಂದು ತೋಟದ ಹೆಂಗಸರು ಹೇಳುತ್ತಿದ್ದರು.

ಆಗ ಬಂದವರು ಪಕ್ಕದ ಹಳ್ಳಿಯ ನಿವೃತ್ತ ಹವಾಲ್ದಾರರು. ಸೈನ್ಯದ ಯಂತ್ರಗಳ ದುರಸ್ತಿ ನೋಡಿಕೊಳ್ಳುವ ಇ.ಎಂ.ಇ. ದಳದಲ್ಲಿ ದುಡಿದವರು. ಬಂದವರು ಸ್ಪ್ಯಾನರ್ ಮುಟ್ಟಲಿಲ್ಲ. ಕಾಫಿ ಕುಡಿಯುತ್ತ ಡ್ರೈವರನನ್ನು ಕೇಳಿದರು: "ಸಾಯುವಾಗ ಹೊಗೆ ಯಾವ ಬಣ್ಣ ಇರ್ತದೆ?"

ಹೊಗೆ ಎಂದರೆ ಹೊಗೆ ಎಂದುಕೊಂಡಿದ್ದ ನಮಗೆ ಅಲ್ಲೇ ಪಾಠ ಶುರುವಾಯಿತು. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ನೀಲಿ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಎಂಜಿನ್ನಿನಲ್ಲೂ ಬಿಳಿ ಬರುತ್ತಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ಒಳಗೆ ನೀರು ಸೇರಿದೆ. ನಮ್ಮ ಗಾಡಿಯಲ್ಲಿ ಹೊಗೆ ತೆಳುವಾಗುತ್ತ ಹೋಗಿ ನಿಂತೇಬಿಡುತ್ತಿತ್ತು. ಅಂದರೆ ಎಂಜಿನ್ನಿಗೆ ಊಟವೇ ಸಿಗುತ್ತಿಲ್ಲ.

ಎರಡನೆಯ ಪ್ರಶ್ನೆ: "ನಿಂತ ಮೇಲೆ ಹೇಗೆ ಚಾಲೂ ಮಾಡ್ತೀಯ?" ಕೈಪಂಪನ್ನು ಇಪ್ಪತ್ತು ಸಲ ಒತ್ತಿದರೆ ಮತ್ತೆ ಹೊರಡುತ್ತದೆ ಎಂದ ಡ್ರೈವರ್. ಹವಾಲ್ದಾರರು ಲೋಟ ಕೆಳಗಿಟ್ಟರು. ಕೈಯಿಂದ ಡೀಸೆಲ್ ತುಂಬಿಸಿಕೊಟ್ಟರೆ ದೊಡ್ಡ ಪಂಪು ಕೆಲಸ ಮಾಡುತ್ತದೆ ಎಂದ ಮೇಲೆ ಅದರ ಮೇಲೆ ತಪ್ಪು ಹೊರಿಸುವುದೇಕೆ? ತೊಂದರೆ ಅದಕ್ಕಿಂತ ಹಿಂದೆ ಎಲ್ಲೋ ಇರಬೇಕು.

ಚಕ್ರಗಳ ಹಿಂದೆ ಕಲ್ಲು ಕೊಟ್ಟು ಕೆಲಸ ಆರಂಭಿಸಿದರು. ಮೊದಲು ಟ್ಯಾಂಕಿನ ಮುಚ್ಚಳ ನೋಡಿದರು. ಅದರ ಉಸಿರಾಟದ ತೂತು ಮುಚ್ಚಿದ್ದರೆ ಒಳಗೆ ನಿರ್ವಾತವಾಗಿ ಡೀಸೆಲ್ ಬರುವುದಿಲ್ಲ. ಅದು ಸರಿಯಿತ್ತು. ಆಮೇಲೆ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ನನ್ನ ಮಗಳ ಕೈಗೆ ಕೈಪಂಪು ಕೊಟ್ಟರು. ಮುಂಬೈಯಲ್ಲೇ ಹುಟ್ಟಿ ಬೆಳೆದ ಅವಳು ಒತ್ತುತ್ತ "ಬಬಲ್ಸ್ ಬರ್ತಾನೇ ಇದೆ" ಎಂದಳು. "ನೊರೆ ಅನ್ನಮ್ಮ" ಎಂದರು ಹವಾಲ್ದಾರರು. ಎಷ್ಟು ಒತ್ತಿದರೂ ನೊರೆ ನಿಲ್ಲಲಿಲ್ಲ. ಹೆಂಗಸರು ಹೇಳಿದ್ದು ಸುಳ್ಳಲ್ಲ, ಗಾಡಿಗೆ ನಿಜವಾಗಿಯೂ ಗಾಳಿ ಹಿಡಿದಿತ್ತು!

ಆದರೆ ಎಲ್ಲೂ ಒಂದು ತೊಟ್ಟು ಡೀಸೆಲ್ ಸೋರಿರಲಿಲ್ಲವಲ್ಲ? ಅದಕ್ಕೂ ಉತ್ತರ ಸಿಕ್ಕಿತು. ಟ್ಯಾಂಕಿನಿಂದ ಸಣ್ಣ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ಲನ್ನು ಹೀರಲಾಗುತ್ತದೆ. ತೂತಿರುವ ಸ್ಟ್ರಾದಲ್ಲಿ ಎಳನೀರು ಹೀರಿ ನೋಡಿ. ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಸಮತಟ್ಟಿನಲ್ಲಿ ಎಂಜಿನ್ನಿಗೆ ಸ್ವಲ್ಪವೇ ಡೀಸೆಲ್ ಸಾಕು. ಏರಿನಲ್ಲಿ ಹೆಚ್ಚು ಬೇಕು, ಬರೀ ನೊರೆ ಸಾಲದು.

ಊಹೆ ಸರಿಯೆಂದು ತೋರಿದರೂ ಅವರು ಅಷ್ಟಕ್ಕೇ ಬಿಡಲಿಲ್ಲ. ಬಿಸಿಯಾಗುವ ಹೊಗೆಕೊಳವೆಯಿಂದ ದೂರದಲ್ಲಿ ಒಂದು ಡೀಸೆಲ್ ಕ್ಯಾನು ಕಟ್ಟಿ, ಹಳೆಯ ಪೈಪನ್ನು ಬಿಟ್ಟು, ಹೊಸ ಕೊಳವೆಯಿಂದ ನೇರವಾಗಿ ಸಣ್ಣ ಪಂಪಿಗೆ ಜೋಡಿಸಿದರು. ಗಾಡಿ ಅದೇ ಏರನ್ನು ಗುಡುಗುತ್ತ ಹತ್ತಿ ಇಳಿದು ಬಂತು. ಪಂಪು ನಿರಪರಾಧಿ ಎಂದು ಸಾಬೀತಾಯಿತು.

ಕಳ್ಳ ಸಿಕ್ಕಿದ್ದು ಕ್ಲಿಪ್ಪಿನ ಅಡಿಯಲ್ಲಿ. ರಬ್ಬರ್ ಕೊಳವೆ ಹಳೆಯ ಕುಕ್ಕರ್ ಗ್ಯಾಸ್ಕೆಟ್ಟಿನಂತೆ ಗಟ್ಟಿಯಾಗಿ, ಕೂದಲೆಳೆಯಷ್ಟು ಬಿರಿದಿತ್ತು. ಆ ತುಂಡು ಬದಲಾಯಿತು. ಜೋಡಣೆಯ ತಾಮ್ರದ ವಾಷರ್ ಗಡುಸಾಗಿತ್ತು. ಹೊಸದಕ್ಕೆ ಸಕಲೇಶಪುರಕ್ಕೆ ಹೋಗಬೇಕಿರಲಿಲ್ಲ. ಬಚ್ಚಲ ಒಲೆಯ ಕೆಂಡದಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರು. ಕಬ್ಬಿಣದ ಕತ್ತಿ ಹೀಗೆ ಮಾಡಿದರೆ ಗಡುಸಾಗುತ್ತದೆ, ತಾಮ್ರ ಮಾತ್ರ ಮೆತ್ತಗಾಗಿ ಮತ್ತೆ ಚೆನ್ನಾಗಿ ಕೂರುತ್ತದೆ. ನಂತರ ಮೊದಲು ಫಿಲ್ಟರ್, ಆಮೇಲೆ ದೊಡ್ಡ ಪಂಪು, ಹೀಗೆ ಸರದಿಯಲ್ಲಿ ಗಾಳಿ ತೆಗೆದರು. ಪ್ರತಿ ಸಲವೂ ನೊರೆ ಹೋಗಿ ತಿಳಿ ಡೀಸೆಲ್ ಬಂದ ಮೇಲೆಯೇ ಸ್ಕ್ರೂ ಬಿಗಿ.

ಖರ್ಚು ಕೊಳವೆಯ ತುಂಡು ಮತ್ತು ಎರಡು ಕ್ಲಿಪ್ಪು. ಹವಾಲ್ದಾರರು ಹಣ ಮುಟ್ಟಲಿಲ್ಲ, ಒಂದು ಸೇರು ಮೆಣಸು ಒಪ್ಪಿಕೊಂಡರು.

ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನನಗೆ ಎಂಜಿನ್ ಎಂದರೆ ಕಬ್ಬಿಣದ ಕಡಲೆ. ಆದರೂ ಅವರ ಕ್ರಮ ಅರ್ಥವಾಯಿತು. ಮೊದಲು ಕೇಳು, ನೋಡು. ಅಗ್ಗದ್ದರಿಂದ ಶುರುಮಾಡು. ಒಂದು ಸಲಕ್ಕೆ ಒಂದನ್ನೇ ಬದಲಿಸು. ಊಹೆಯನ್ನು ಪರೀಕ್ಷಿಸದೆ ದೊಡ್ಡ ಭಾಗಕ್ಕೆ ಕೈಹಾಕಬೇಡ. ಪದವಿ ಪಡೆದು ಕಂಪ್ಯೂಟರ್ ಮುಂದೆ ಕೂರುವ ನಿಮಗೂ, ಮಕ್ಕಳ ಜ್ವರ ನೋಡುವ ತಾಯಂದಿರಿಗೂ ಇದು ಸಲ್ಲುತ್ತದೆ.

ಮರುದಿನ ಬೆಳಿಗ್ಗೆ ಶಕ್ತಿಮಾನ್ ಅಕ್ಕಿ ಮೂಟೆಗಳನ್ನು ಹೊತ್ತು ಲೈನು ಮನೆಗಳಿಗೆ ಹೋಯಿತು. ಮೂರನೆಯ ದಿನ ಮಳೆ ಹಿಡಿಯಿತು. ಮುಂದಿನ ರಜೆಯಲ್ಲಿ ನೀವೂ ಆ ಕಡೆ ಹೋದರೆ ಬಿಸಿಲೆಯ ಬೆಟ್ಟಗಳ ಫೋಟೋ ತೆಗೆದುಕೊಳ್ಳಿ, ಬೇಡ ಎನ್ನುವುದಿಲ್ಲ. ಜೊತೆಗೆ ಯಾವುದಾದರೂ ತೋಟದ ಶೆಡ್ಡಿನಲ್ಲಿ ಮೂತಿ ಉದ್ದದ ಹಸಿರು ಲಾರಿ ಕಂಡರೆ ನಿಂತು, ಅದನ್ನು ನೋಡಿಕೊಳ್ಳುವವರನ್ನು ಮಾತಾಡಿಸಿ. ಆ ಗಾಡಿ ಹೊಸದಾಗಿ ತಯಾರಾಗುವುದಿಲ್ಲ. ಅದರ ಉಸಿರು ಬಲ್ಲವರೂ ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ.