‘ಸದ್ದಲೇ’ ಅಂದರೆ ಸುಮ್ಮನಿರಿ

ಭರತ ಹುಣ್ಣಿಮೆ ಕಳೆದ ಮೇಲೆ ಮೈಲಾರದ ಡೆಂಕನಮರಡಿಯಲ್ಲಿ ಲಕ್ಷಾಂತರ ಜನ ಸೇರುವುದು ನಿಮಗೆ ಗೊತ್ತೇ ಇದೆ. 11 ದಿನ ಉಪವಾಸ ಇದ್ದ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಅಂತ ಕೂಗುತ್ತಾರೆ. ಏಳುಕೋಟಿ ಕೂಗು, ಡಮರುಗ ಎಲ್ಲ ಒಮ್ಮೆಲೇ ನಿಲ್ಲುತ್ತವೆ. ಆಮೇಲೆ ಒಂದೇ ಸಾಲಿನ ಕಾರಣಿಕ.

ಸದ್ದು ಅಂದರೆ ಶಬ್ದ. ಸಂಸ್ಕೃತದ ‘ಶಬ್ದ’ವೇ ಕನ್ನಡದ ಬಾಯಲ್ಲಿ ‘ಸದ್ದು’ ಆಗಿದೆ. ಹಾಗಿದ್ದರೆ ಸದ್ದು ಅಂದಾಗ ಜನ ಸುಮ್ಮನಾಗುವುದು ಯಾಕೆ? ‘ಸದ್ದು!’ ಅಂತ ಗದರಿದರೆ ‘ಸುಮ್ಮನಿರು’ ಅನ್ನುವ ಅರ್ಥವೂ ಹಿಂದಿನಿಂದ ಇದೆ. ಮನೆಯಲ್ಲಿ ಮಕ್ಕಳಿಗೆ ‘ಏನದು ಗದ್ದಲ?’ ಅಂದರೆ ಸಾಕಲ್ಲ, ಹಾಗೆ. ಕೊನೆಯ ‘ಲೇ’ ನಮ್ಮ ಕಡೆ ಕರೆಯುವ ‘ಲೇ’ ಇದ್ದಂತೆಯೇ ಕೇಳಿಸುತ್ತದೆ.

ವರದಿಗಾರಿಕೆಗೆ ಬಂದ ಮೊದಲ ವರ್ಷ ನಾವು ಮೊಬೈಲ್ ಎತ್ತಿ ಹಿಡಿದು ನಿಂತಿದ್ದೆವು. ಸದ್ದಲೇ ಅಂದ ಮೇಲೂ ಮುಂದಿನವರಿಗೆ ‘ಸ್ವಲ್ಪ ಸರೀರಿ’ ಅಂದೆವು. ಅಷ್ಟರಲ್ಲಿ ಕೊನೆಯ ಮಾತು ತಪ್ಪಿತು. ‘ಆದೀತಲೇ’ ಅಂದದ್ದನ್ನು ‘ಆಯಿತಲೇ’ ಅಂತ ಕಳಿಸಿದೆವು. ಅದೇ ಅಚ್ಚಾಯಿತು.

ಊರಲ್ಲಿ ಅಜ್ಜ ಒಬ್ಬರು ಪೇಪರ್ ಹಿಡಿದು ಕೇಳಿದರು: “ಆದೀತು ಅಂದ್ನೋ, ಆತು ಅಂದ್ನೋ ತಮ್ಮಾ? ಆಗಿ ಹೋಗಿದ್ದು ತಗೊಂಡು ನಾವು ಬಿತ್ತೋರು ಏನ್ ಮಾಡೂದು?”

ರೆಕಾರ್ಡಿಂಗ್ ಹಾಕಿದೆವು. ಗೊರವಯ್ಯನ ದನಿಗಿಂತ ಜೋರಾಗಿ ನಮ್ಮದೇ ದನಿ ಇತ್ತು. ಅಜ್ಜ ನಕ್ಕರು. “ಸದ್ದಲೇ ಅಂದಿದ್ದು ನಿನಗೂ ಸೇರಿಸಿನೇ.”

ಈಗ ಮರಡಿಗೆ ಹೋದರೆ ಮೊದಲು ಬಾಯಿ ಮುಚ್ಚುತ್ತೇವೆ. ಪಕ್ಕದ ನಾಲ್ಕು ರೈತರು ಏನು ಕೇಳಿಸಿಕೊಂಡರು ಅಂತ ವಿಚಾರಿಸಿಯೇ ಸಾಲು ಕಳಿಸುತ್ತೇವೆ.