ಅಂಗಿ ಬದಲಿಸಿ ನೋಡಿ

ಫುಟ್‌ಬಾಲ್ ಮೈದಾನದಲ್ಲಿ ಇಪ್ಪತ್ತೆರಡು ಆಟಗಾರರು ಒಂದು ಚೆಂಡಿನ ಹಿಂದೆ ಓಡುತ್ತಾರೆ. ಇಪ್ಪತ್ತಮೂರನೆಯವನೊಬ್ಬ ಚೆಂಡನ್ನು ಒದೆಯದೆಯೇ ಅವರ ಜೊತೆ ಓಡುತ್ತಾನೆ. ಅವನಿಗೆ ಗೋಲು ಹೊಡೆದ ಸಂಭ್ರಮವಿಲ್ಲ, ಹೆಗಲ ಮೇಲೆ ಹೊತ್ತು ಮೆರೆಸುವವರಿಲ್ಲ. ತೊಂಬತ್ತು ನಿಮಿಷ ಸರಿಯಾಗಿ ಸೀಟಿ ಊದಿದರೆ ಅವನೊಬ್ಬ ಅಲ್ಲಿದ್ದನೆಂಬುದೇ ಜನರಿಗೆ ನೆನಪಿರುವುದಿಲ್ಲ. ಒಂದೇ ಒಂದು ಸಲ ತಪ್ಪಿ ಊದಿದರೆ, ಅಥವಾ ಊದಬೇಕಾದಲ್ಲಿ ಸುಮ್ಮನಿದ್ದರೆ, ವರ್ಷಗಟ್ಟಲೆ ಯಾರೂ ಮರೆಯುವುದಿಲ್ಲ. ರೆಫ್ರಿಯ ಹಣೆಬರಹವೇ ಅಂಥದು.

ಅದರಲ್ಲೂ ಪಂದ್ಯ ನೆರೆಹೊರೆಯವರ ನಡುವಿನದಾದರೆ ಕೇಳುವುದೇ ಬೇಡ. ಇಂಥ ಪಂದ್ಯವನ್ನು ಫುಟ್‌ಬಾಲ್ ಲೋಕ ಡರ್ಬಿ ಎಂದು ಕರೆಯುತ್ತದೆ. ದೂರದವರ ಎದುರು ಸೋತರೆ ಒಂದು ರಾತ್ರಿಯ ಬೇಸರ. ಪಕ್ಕದವರ ಎದುರು ಸೋತರೆ ವರ್ಷವಿಡೀ ಚುಚ್ಚುಮಾತು. ದಾಯಾದಿಗಳ ಬದುವಿನ ವ್ಯಾಜ್ಯದ ಹಾಗೆ, ಇಲ್ಲಿ ಒಂದಡಿ ಜಾಗಕ್ಕೂ ಹತ್ತು ಎಕರೆಯ ಬೆಲೆ.

ದಕ್ಷಿಣದಲ್ಲಿ ಅಂಥ ಹೆಸರು ಗಳಿಸಿದ್ದು ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಪಂದ್ಯ. ಬೆಂಗಳೂರಿನ ತಂಡವೆಂದ ಮಾತ್ರಕ್ಕೆ ಬಳ್ಳಾರಿ ಸೀಮೆಗೆ ಅದು ದೂರದ್ದೇನಲ್ಲ. 2013ರಲ್ಲಿ ತಂಡ ಕಟ್ಟಿದ ಜೆಎಸ್‌ಡಬ್ಲ್ಯು ಸಂಸ್ಥೆಯ ಉಕ್ಕಿನ ಕಾರ್ಖಾನೆ ಇರುವುದು ತೋರಣಗಲ್ಲಿನಲ್ಲಿ. ಅದೇ ಸಂಸ್ಥೆ 2018ರಲ್ಲಿ ಆರಂಭಿಸಿದ ಕ್ರೀಡಾ ತರಬೇತಿ ಕೇಂದ್ರವೂ ಅದೇ ಪರಿಸರದಲ್ಲಿದೆ. ಹಾಗಾಗಿ ಹತ್ತಿ, ಮೆಣಸಿನಕಾಯಿ ಬೆಳೆಯುವ ಎರೆ ಭೂಮಿಯ ರೂಪನಗುಡಿಯಂಥ ಊರಿನಲ್ಲೂ ಕ್ರಿಕೆಟ್ ಬ್ಯಾಟಿನ ಪಕ್ಕದಲ್ಲಿ ಒಂದು ನೀಲಿ ಅಂಗಿ ಮೊಳೆಗೆ ನೇತಾಡುತ್ತಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

2023ರ ಮಾರ್ಚ್ 3ರ ರಾತ್ರಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಈ ಎರಡು ತಂಡಗಳು ಇಂಡಿಯನ್ ಸೂಪರ್ ಲೀಗಿನ ಪ್ಲೇ ಆಫ್ ಪಂದ್ಯದಲ್ಲಿ ಎದುರಾದವು. ಸೋತವರು ಮನೆಗೆ, ಗೆದ್ದವರು ಸೆಮಿಫೈನಲ್‌ಗೆ. ತೊಂಬತ್ತು ನಿಮಿಷ ಮುಗಿದರೂ ಯಾರೂ ಗೋಲು ಹೊಡೆದಿರಲಿಲ್ಲ. ಅರ್ಧ ಗಂಟೆಯ ಹೆಚ್ಚುವರಿ ಅವಧಿ ಆರಂಭವಾಗಿ ಆರೇಳು ನಿಮಿಷ ಕಳೆದಿತ್ತು. ಗೋಲಿನ ಮುಂದೆಯೇ ಬೆಂಗಳೂರಿಗೆ ಒಂದು ಫ್ರೀ ಕಿಕ್ ಸಿಕ್ಕಿತು. ಕೇರಳದ ಆಟಗಾರರು ಅಡ್ಡಗೋಡೆಯಂತೆ ಸಾಲಾಗಿ ನಿಲ್ಲುವ ಸಿದ್ಧತೆಯಲ್ಲಿದ್ದರು. ಅವರು ನಿಲ್ಲುವ ಮೊದಲೇ ಸುನಿಲ್ ಚೆಟ್ರಿ ಚೆಂಡನ್ನು ಮೆಲ್ಲನೆ ಎತ್ತಿ ಬಲೆಯೊಳಗೆ ಹಾಕಿಬಿಟ್ಟರು. ಸೀಟಿ ಊದಿರಲಿಲ್ಲ. ಆದರೂ ರೆಫ್ರಿ ಕ್ರಿಸ್ಟಲ್ ಜಾನ್ ಅದನ್ನು ಗೋಲೆಂದು ಘೋಷಿಸಿದರು. ಕೇರಳದ ಆಟಗಾರರು ಮುತ್ತಿಕೊಂಡರು, ವಾದಿಸಿದರು. ಕೊನೆಗೆ ಅವರ ಕೋಚ್ ಇವಾನ್ ವುಕೊಮನೋವಿಚ್ ಎಲ್ಲರನ್ನೂ ಹೊರಗೆ ಕರೆದರು. ಹಳದಿ ಅಂಗಿಗಳು ಒಂದೊಂದಾಗಿ ಮೈದಾನದಿಂದ ಇಳಿದುಹೋದವು. ಎಷ್ಟು ಹೊತ್ತು ಕಾದರೂ ಮರಳಿ ಬರಲಿಲ್ಲ. ಬೆಂಗಳೂರು ಗೆದ್ದಿತೆಂದು ಸಾರಲಾಯಿತು.

ಇದು ಸರಿಯೋ ತಪ್ಪೋ? ಕೋಪ ಬದಿಗಿಟ್ಟು ನಿಯಮಪುಸ್ತಕ ತೆರೆಯೋಣ. ಫ್ರೀ ಕಿಕ್ ಸಿಕ್ಕ ತಂಡ ಸೀಟಿಗೆ ಕಾಯದೆ ಕೂಡಲೇ ಒದೆಯಬಹುದು. ಎದುರಾಳಿಗಳು 9.15 ಮೀಟರು ದೂರ ಇರಬೇಕೆಂಬುದು ಒದೆಯುವವನಿಗೆ ಇರುವ ಅನುಕೂಲ. ಅದು ಬೇಡವೆಂದು ಅವನು ಬಿಟ್ಟುಕೊಡಬಹುದು. ಆದರೆ ರೆಫ್ರಿ ಗೋಡೆಯನ್ನು ಹಿಂದಕ್ಕೆ ಸರಿಸುವ ಕೆಲಸಕ್ಕೆ ಇಳಿದು, ‘ಸೀಟಿ ಊದುವವರೆಗೂ ತಡೆ’ ಎಂದು ಸೂಚಿಸಿದ್ದರೆ ಒದೆಯುವವನು ಕಾಯಲೇಬೇಕು. ತನಗೆ ಗೋಡೆಯೂ ಬೇಡ, ಸೀಟಿಯೂ ಬೇಡ ಎಂದು ರೆಫ್ರಿಗೆ ಮೊದಲೇ ಹೇಳಿದ್ದಾಗಿ ಚೆಟ್ರಿ ಪಂದ್ಯದ ಬಳಿಕ ವಿವರಿಸಿದರು. ಇಷ್ಟು ಹೊತ್ತು ಕಳೆದ ಮೇಲೆ ಅದು ಕೂಡಲೇ ಒದೆದಂತೆ ಹೇಗಾಯಿತು ಎಂಬುದು ಕೇರಳದವರ ಕಡೆಯ ವಾದ. ಅಂದರೆ ಜಗಳ ನಿಯಮದ ಬಗ್ಗೆ ಅಲ್ಲ. ಆ ಕೆಲವು ಕ್ಷಣಗಳಲ್ಲಿ ರೆಫ್ರಿ ಏನು ಹೇಳಿದರು, ಯಾರಿಗೆ ಕೇಳಿಸಿತು ಎಂಬುದರ ಬಗ್ಗೆ.

ಯಾವ ತೀರ್ಪನ್ನು ಅಳೆಯುವಾಗಲೂ ಹೀಗೆ ಪ್ರಶ್ನೆಗಳನ್ನು ಬೇರೆ ಬೇರೆ ಮಾಡಿಕೊಳ್ಳುವುದು ಒಳ್ಳೆಯದು. ನಡೆದದ್ದೇನು? ನಿಯಮ ಏನು ಹೇಳುತ್ತದೆ? ತನಗೆ ಏನಾಗಬೇಕೆಂಬ ಆಸೆ ಇದೆ? ಜಗಳಗಳಲ್ಲಿ ಮೂರನೆಯದು ಸದ್ದಿಲ್ಲದೆ ಮೊದಲಿನ ಎರಡರ ಜಾಗದಲ್ಲಿ ಬಂದು ಕುಳಿತಿರುತ್ತದೆ.

ಇದು ಎಷ್ಟು ಸುಲಭವಾಗಿ ಆಗುತ್ತದೆ ಎಂಬುದಕ್ಕೆ ಹದಿನೈದು ದಿನ ಕಾದರೆ ಸಾಕಾಯಿತು. ಬೆಂಗಳೂರು ತಂಡ ಸೆಮಿಫೈನಲ್ ದಾಟಿ ಮಾರ್ಚ್ 18ರಂದು ಗೋವಾದ ಫಟೋರ್ಡಾದಲ್ಲಿ ಎಟಿಕೆ ಮೋಹನ್ ಬಾಗಾನ್ ವಿರುದ್ಧ ಫೈನಲ್ ಆಡಿತು. 2–1ರಿಂದ ಮುಂದಿದ್ದಾಗ, 85ನೆಯ ನಿಮಿಷದಲ್ಲಿ, ಎದುರಾಳಿಗಳಿಗೆ ಪೆನಾಲ್ಟಿ ದೊರೆತು ಪಂದ್ಯ ಸಮವಾಯಿತು. ಕೊನೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ 4–3ರಿಂದ ಟ್ರೋಫಿ ಕೈತಪ್ಪಿತು. ಬೆಂಗಳೂರಿನ ಅಭಿಮಾನಿಗಳು ಕೆರಳಿದರು. ಲೀಗಿಗೆ ವಿಡಿಯೊ ಪರಿಶೀಲನೆ ಬೇಕೇ ಬೇಕು ಎಂದು ತಂಡದ ಒಡೆಯ ಪಾರ್ಥ್ ಜಿಂದಾಲ್ ಬಹಿರಂಗವಾಗಿಯೇ ಬರೆದರು. ಆ ಋತುವಿನಲ್ಲಿ ಲೀಗಿಗೆ ಅಂಥ ವ್ಯವಸ್ಥೆ ಇರಲಿಲ್ಲ. ಬೇಡಿಕೆ ನ್ಯಾಯವಾದದ್ದೇ. ಆದರೆ ಮಾರ್ಚ್ 3ರ ರಾತ್ರಿ ಅದೇ ಬೇಡಿಕೆ ಹಳದಿ ಅಂಗಿಯವರ ಬಾಯಲ್ಲಿತ್ತು.

ರೂಪನಗುಡಿಯ ಒಂದು ಮನೆಯಲ್ಲೂ ಅಂದು ಹೀಗೇ ಆಯಿತು. ಮಗ ಬಳ್ಳಾರಿಯಲ್ಲಿ ಪಿಯುಸಿ ಓದುವವನು. ಅಪ್ಪ ಒಕ್ಕಲುತನದವರು, ಫುಟ್‌ಬಾಲಿನ ಗಂಧ ಅಷ್ಟಕ್ಕಷ್ಟೆ. ಮಗ ಅದೇ ಪೆನಾಲ್ಟಿಯ ತುಣುಕನ್ನು ಹತ್ತು ಸಲ ತೋರಿಸಿ, “ನೋಡಪ್ಪ, ಕಾಲು ತಗಲಿದ್ದು ಗೆರೆಯ ಹೊರಗೆ. ಇದು ಮೋಸ ಅಲ್ಲೇನು?” ಎಂದ. ಅಪ್ಪ ಕಣ್ಣು ಕಿರಿದು ಮಾಡಿಕೊಂಡು ನೋಡಿದರು.

“ಅವತ್ತು ಸೀಟಿ ಊದದೆ ಗೋಲು ಹೊಡೆದಾಗ ನೀನು ಏನಂದಿದ್ದೆ?”

“ಅದು ರೂಲ್ಸ್ ಪ್ರಕಾರ ಇತ್ತಪ್ಪ. ರೆಫ್ರಿ ಹೇಳಿದ ಮೇಲೆ ಮುಗೀತು.”

“ಇವತ್ತೂ ರೆಫ್ರೀನೇ ಹೇಳಿದ್ದು, ಹೌದಲ್ಲ?”

ಮಗ ತಬ್ಬಿಬ್ಬಾದ. ಅಪ್ಪ ಅಷ್ಟಕ್ಕೇ ಬಿಡಲಿಲ್ಲ. “ಒಂದು ಕೆಲಸ ಮಾಡು. ಮನಸ್ಸಿನಾಗೆ ಇಬ್ಬರ ಅಂಗಿ ಅದಲುಬದಲು ಮಾಡಿ ಇನ್ನೊಮ್ಮೆ ನೋಡು. ಆಗಲೂ ಮೋಸ ಅನಿಸಿದರೆ ಮೋಸ. ಇಲ್ಲದಿದ್ದರೆ ಅದು ನಿನ್ನ ಸಂಕಟ ಅಷ್ಟೆ.”

ಅಪ್ಪನಿಗೆ ಈ ಬುದ್ಧಿ ಬಂದದ್ದು ಫುಟ್‌ಬಾಲಿನಿಂದಲ್ಲ, ಹೊಲದ ಬದುವಿನಿಂದ. ಪಕ್ಕದ ಹೊಲದವರ ಜೊತೆ ವ್ಯಾಜ್ಯವಾಗಿ ಸರ್ವೆಯವರು ಬಂದು ಅಳೆದಾಗ ಒಂದು ಮೂಲೆಯಲ್ಲಿ ಇವರಿಗೆ ಲಾಭ, ಇನ್ನೊಂದು ಮೂಲೆಯಲ್ಲಿ ನಷ್ಟವಾಗಿತ್ತು. ಲಾಭವಾದ ಮೂಲೆಯ ಕಲ್ಲನ್ನು ಒಪ್ಪಿ, ನಷ್ಟವಾದ ಮೂಲೆಯ ಕಲ್ಲನ್ನು ಅಲ್ಲಗಳೆಯಲು ಬರುವುದಿಲ್ಲವೆಂದು ಅವರು ಆ ದಿನ ಕಲಿತಿದ್ದರು.

ಹಾಗಾದರೆ ವಿಡಿಯೊ ಬಂದುಬಿಟ್ಟರೆ ತಕರಾರೇ ಇರುವುದಿಲ್ಲವೇ? ಫುಟ್‌ಬಾಲ್ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಮಂಡಳಿ ವಿಡಿಯೊ ಸಹಾಯಕ ರೆಫ್ರಿಗೆ ಒಪ್ಪಿಗೆ ಕೊಟ್ಟದ್ದು 2018ರ ಮಾರ್ಚ್ 3ರಂದು. ಕಂಠೀರವದ ಆ ರಾತ್ರಿಗೆ ಸರಿಯಾಗಿ ಐದು ವರ್ಷ ಮೊದಲು. ಅದೇ ವರ್ಷ ರಷ್ಯಾದ ವಿಶ್ವಕಪ್‌ನಲ್ಲಿ ಅದು ಬಳಕೆಗೆ ಬಂತು. ಎಲ್ಲ ತೀರ್ಪುಗಳನ್ನೂ ತಿದ್ದುವ ಅಧಿಕಾರವನ್ನು ಆಗ ಅದಕ್ಕೆ ಕೊಡಲಿಲ್ಲ. ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡು, ಒಬ್ಬನ ಬದಲು ಇನ್ನೊಬ್ಬನಿಗೆ ಶಿಕ್ಷೆಯಾಗುವುದು: ಈ ನಾಲ್ಕರಲ್ಲಿ, ಅದೂ ತಪ್ಪು ಎದ್ದು ಕಾಣುವಂತಿದ್ದರೆ ಮಾತ್ರ. ಫೈನಲ್ಲಿನ ಪೆನಾಲ್ಟಿ ಖಂಡಿತ ಅದರ ಕಣ್ಣಿಗೆ ಬೀಳುತ್ತಿತ್ತು. ಚೆಟ್ರಿಯ ಫ್ರೀ ಕಿಕ್ಕಿನ ಮಾತು ಬೇರೆ. ‘ತಡೆ’ ಎಂದು ರೆಫ್ರಿ ಹೇಳಿದ್ದರೋ ಇಲ್ಲವೋ ಎಂಬುದು ಕಣ್ಣಿನ ಪ್ರಶ್ನೆಗಿಂತ ಹೆಚ್ಚಾಗಿ ಕಿವಿಯ ಪ್ರಶ್ನೆ. ಎಷ್ಟು ಕೋನಗಳಿಂದ ಚಿತ್ರ ತೆಗೆದರೂ ಚಿತ್ರವೊಂದೇ ಅದನ್ನು ಬಗೆಹರಿಸಲಾರದು.

ಯಂತ್ರ ಇದ್ದಲ್ಲೂ ಮನುಷ್ಯ ಇದ್ದೇ ಇರುತ್ತಾನೆ. 2020ರ ಅಕ್ಟೋಬರ್ 17ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಡರ್ಬಿಯಲ್ಲಿ ಎವರ್ಟನ್ ಗೋಲ್‌ಕೀಪರ್ ಪಿಕ್‌ಫರ್ಡ್, ಲಿವರ್‌ಪೂಲಿನ ವ್ಯಾನ್ ಡೈಕ್ ಕಾಲಿನ ಮೇಲೆರಗಿದ. ಮೊಣಕಾಲಿನ ಅಸ್ಥಿರಜ್ಜು ಹರಿದು ವ್ಯಾನ್ ಡೈಕ್ ತಿಂಗಳುಗಟ್ಟಲೆ ಆಟದಿಂದ ದೂರ ಉಳಿದ. ವಿಡಿಯೊ ಕೋಣೆ ಆಫ್‌ಸೈಡ್ ಇತ್ತೇ ಎಂದು ನೋಡಿತು. ಕೆಂಪು ಕಾರ್ಡು ಬರಲಿಲ್ಲ. ಅದೇ ಪಂದ್ಯದ ಕೊನೆಯ ಗಳಿಗೆಯಲ್ಲಿ ಲಿವರ್‌ಪೂಲಿನ ಗೋಲೊಂದನ್ನು ಕೂದಲೆಳೆಯಷ್ಟು ಆಫ್‌ಸೈಡ್ ಎಂದು ಅದೇ ವಿಡಿಯೊ ಅಳಿಸಿಹಾಕಿತು. ಕೂದಲೆಳೆ ಕಂಡಿತು, ಮುರಿದ ಮೊಣಕಾಲು ಕಾಣಲಿಲ್ಲ ಎಂದು ಅಭಿಮಾನಿಗಳು ಹಲುಬಿದರು. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲಿನ ಲೂಯಿಸ್ ಡಿಯಾಜ್ ಹೊಡೆದ ಗೋಲು ಆಫ್‌ಸೈಡ್ ಆಗಿರಲೇ ಇಲ್ಲ. ಅದು ಪರದೆಯ ಮೇಲೆ ಸ್ಪಷ್ಟವಾಗಿ ಕಾಣಿಸಿತ್ತು ಕೂಡ. ಆದರೆ ಮೈದಾನದಲ್ಲಿ ಗೋಲು ಕೊಟ್ಟಾಗಿದೆ ಎಂದು ಭಾವಿಸಿದ ವಿಡಿಯೊ ರೆಫ್ರಿ ‘ಪರಿಶೀಲನೆ ಮುಗಿಯಿತು’ ಎಂದುಬಿಟ್ಟರು. ಆಟ ಮುಂದುವರಿಯಿತು; ತಪ್ಪು ಗೊತ್ತಾದಾಗ ಹಿಂದಕ್ಕೆ ಹೋಗಲು ನಿಯಮ ಬಿಡಲಿಲ್ಲ. ಕ್ಯಾಮೆರಾ ಸರಿಯಾಗಿಯೇ ನೋಡಿತ್ತು. ತಪ್ಪಿದ್ದು ಮಾತು.

ವಿಡಿಯೊ ಬೇಡವೆಂದು ಇದರ ಅರ್ಥವಲ್ಲ. ಸರ್ವೆಯ ಚೈನು ಬಂದ ಮೇಲೆ ಬದುವಿನ ಜಗಳ ಕಡಿಮೆಯಾಗಿದೆ, ನಿಂತಿಲ್ಲ. ವಿಡಿಯೊದ ಉಪಕಾರವೂ ಅಷ್ಟೇ.

ಹಾಗಾದರೆ ತೀರ್ಪು ನಿಜವಾಗಿಯೂ ತಪ್ಪಾದಾಗ ಮಾಡುವುದೇನು? ಮಕ್ಕಳೂ ತಂದೆತಾಯಂದಿರೂ ಯೋಚಿಸಬೇಕಾದ ಜಾಗ ಇದು. ಕೇರಳದ ತಂಡ ಹೊರನಡೆದಾಗ ಇಪ್ಪತ್ತು ನಿಮಿಷಕ್ಕೂ ಹೆಚ್ಚಿನ ಆಟ ಬಾಕಿ ಇತ್ತು. ಒಂದೇ ಗೋಲಿನ ಹಿನ್ನಡೆ. ಇಪ್ಪತ್ತು ನಿಮಿಷದಲ್ಲಿ ಒಂದು ಗೋಲು ಹೊಡೆಯುವುದು ಅಸಾಧ್ಯವೇನಲ್ಲ. ರೆಫ್ರಿ ಅವರಿಂದ ಕಿತ್ತುಕೊಂಡದ್ದು, ಕಿತ್ತುಕೊಂಡಿದ್ದರೆ, ಒಂದು ಗೋಲು ಮಾತ್ರ. ಉಳಿದ ಇಪ್ಪತ್ತು ನಿಮಿಷವನ್ನು ಅವರು ತಾವಾಗಿ ಕೊಟ್ಟುಬಂದರು. ಪಂದ್ಯ ಮತ್ತೆ ಆಡಿಸಬೇಕೆಂಬ ಅವರ ಮನವಿ ಬಿದ್ದುಹೋಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಶಿಸ್ತು ಸಮಿತಿ ತಂಡಕ್ಕೆ 4 ಕೋಟಿ ರೂಪಾಯಿ ದಂಡ ಹಾಕಿತು. ಕೋಚ್‌ಗೆ 10 ಪಂದ್ಯಗಳ ನಿಷೇಧ, 5 ಲಕ್ಷ ರೂಪಾಯಿ ದಂಡ. ದೂರಿನಲ್ಲಿ ಎಷ್ಟು ಹುರುಳಿತ್ತೆಂಬುದು ಹೊರನಡೆದ ಸುದ್ದಿಯಲ್ಲಿ ಮುಳುಗಿಹೋಯಿತು.

ಕೋಲ್ಕತ್ತದ ಹಳೆಯ ಡರ್ಬಿಯಲ್ಲೂ ಇದೇ ಪಾಠವಿದೆ. 2012ರ ಡಿಸೆಂಬರ್ 9ರಂದು ಈಸ್ಟ್ ಬೆಂಗಾಲ್ ವಿರುದ್ಧದ ಪಂದ್ಯದಲ್ಲಿ ತಮ್ಮ ಆಟಗಾರನಿಗೆ ಕೆಂಪು ಕಾರ್ಡು ಬಿದ್ದು, ಇನ್ನೊಬ್ಬನಿಗೆ ಗ್ಯಾಲರಿಯಿಂದ ತೂರಿಬಂದ ಕಲ್ಲು ತಗಲಿದ ಮೇಲೆ ಮೋಹನ್ ಬಾಗಾನ್ ತಂಡ ದ್ವಿತೀಯಾರ್ಧಕ್ಕೆ ಇಳಿಯಲಿಲ್ಲ. ಮೊದಲು ನಿಷೇಧ, ಬಳಿಕ ಅದರ ಬದಲಿಗೆ 2 ಕೋಟಿ ರೂಪಾಯಿ ದಂಡ, ಜೊತೆಗೆ ಗಳಿಸಿದ್ದ ಅಂಕಗಳೂ ಹೋದವು. ಅದಕ್ಕೂ ಹಿಂದೆ, 1980ರ ಆಗಸ್ಟ್ 16ರಂದು, ಈಡನ್ ಗಾರ್ಡನ್ಸ್‌ನಲ್ಲಿ ಇದೇ ಎರಡು ತಂಡಗಳ ಆಟಗಾರರಿಬ್ಬರ ಕಿತ್ತಾಟ ಗ್ಯಾಲರಿಗೆ ಹಬ್ಬಿ ನೂಕುನುಗ್ಗಲಾಯಿತು. ಆಟ ನೋಡಲು ಹೋದ 16 ಮಂದಿ ಮನೆಗೆ ಮರಳಲಿಲ್ಲ. ಎಲ್ಲರೂ ಯಾರದೋ ಮನೆಯ ಮಕ್ಕಳು. ಮೈದಾನದ ಸಿಟ್ಟಿಗೆ ಗ್ಯಾಲರಿ ತುಪ್ಪ ಸುರಿದರೆ ಏನಾಗುತ್ತದೆಂಬುದಕ್ಕೆ ಇನ್ನೊಂದು ಉದಾಹರಣೆ ಬೇಡ.

ತೀರ್ಪುಗಾರರು ಮೈದಾನದಲ್ಲಷ್ಟೇ ಇರುವುದಿಲ್ಲ. ಎಸ್‌ಎಸ್‌ಎಲ್‌ಸಿ, ಪಿಯುಸಿ ಉತ್ತರ ಪತ್ರಿಕೆಗಳನ್ನು ಎಲ್ಲೋ ಕುಳಿತು ತಿದ್ದುವವರೂ ಒಂದು ಬಗೆಯ ರೆಫ್ರಿಗಳೇ. ಅವರೂ ದಣಿಯುತ್ತಾರೆ, ಒಂದು ಪುಟ ಮಗುಚುವಾಗ ಇನ್ನೊಂದು ಪುಟ ತಪ್ಪಿಹೋಗಬಹುದು, ಕೂಡುವಾಗ ಅಂಕ ಬಿಟ್ಟುಹೋಗಬಹುದು. ಅದಕ್ಕೆಂದೇ ಉತ್ತರ ಪತ್ರಿಕೆಯ ಪ್ರತಿ ತರಿಸಿ ನೋಡುವ, ಮರು ಎಣಿಕೆ, ಮರುಮೌಲ್ಯಮಾಪನ ಕೇಳುವ ದಾರಿಗಳಿವೆ. ಅದು ವಿದ್ಯಾರ್ಥಿಯ ವಿಡಿಯೊ ಪರಿಶೀಲನೆ. ಅನುಮಾನವಿದ್ದರೆ ಸಂಕೋಚಪಡದೆ ಕೇಳಬೇಕು. ಆದರೆ ಅರ್ಜಿ ಹಾಕುವ ಮುನ್ನ ಆ ಪತ್ರಿಕೆ ಬೆಂಚಿನ ಪಕ್ಕದವನದೆಂದುಕೊಂಡು ಓದಿ, ತಾನೇ ಅಂಕ ಹಾಕಿ ನೋಡಿದರೆ, ದೂರಿನಲ್ಲಿ ಕಾಳೆಷ್ಟು ಜಳ್ಳೆಷ್ಟು ಎಂಬುದು ಅಲ್ಲೇ ತಿಳಿಯುತ್ತದೆ.

ಒಂದು ಪತ್ರಿಕೆ ಕೆಟ್ಟಿತೆಂದು ಉಳಿದ ಪರೀಕ್ಷೆಗಳಿಗೇ ಹೋಗದ ಮಕ್ಕಳಿದ್ದಾರೆ. ಒಂದು ಫಲಿತಾಂಶಕ್ಕೆ ಇಡೀ ಬದುಕನ್ನೇ ತಪ್ಪೆಂದು ತಿಳಿದು ಮಂಕಾಗುವವರಿದ್ದಾರೆ. ‘ನಿನಗೆ ಅನ್ಯಾಯವಾಯಿತು, ಎದ್ದು ಬಾ’ ಎಂದು ಹೊರಗಿನಿಂದ ಕೂಗುವುದು ಸುಲಭ. ಹೆತ್ತವರು ಆಡಬೇಕಾದ ಮಾತು ಅದಲ್ಲ. ‘ತಕರಾರು ಬರೆದುಕೊಡೋಣ, ನಾನೂ ಜೊತೆಗೆ ಬರುತ್ತೇನೆ. ಈಗ ಹೋಗಿ ಆಟ ಮುಗಿಸು’ ಎಂದರೆ ಮಗುವಿಗೆ ದೂರು ಕೊಡುವ ಹಕ್ಕೂ ಉಳಿಯುತ್ತದೆ, ಗೆಲ್ಲುವ ಅವಕಾಶವೂ ಉಳಿಯುತ್ತದೆ. ಗಡಿಯಾರದಲ್ಲಿ ಇಪ್ಪತ್ತು ನಿಮಿಷ ಬಾಕಿ ಇರುವಾಗ ಮೈದಾನ ಬಿಡಬಾರದು.